ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಕಾನೂನು ಪ್ರಶ್ನೆಗಳು

ಪ್ರಶ್ನೆಗಳು ಆದಷ್ಟು ಕೇಳಿದವರ ಮಾತಿನಲ್ಲೇ ಇವೆ. ಕೆಲವು ಸಂಘದ ಸಭೆ ಮುಗಿದ ಮೇಲೆ ಚಪ್ಪಲಿ ಹುಡುಕುತ್ತಾ ಕೇಳಿದವು, ಕೆಲವು ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಬಂದವು, ಒಂದೆರಡು ಅಂಚೆಯಲ್ಲಿ ಬಂದವು. ಸಹಿ ಹಾಕುವ ಮುಂಚೆ ಕೇಳಿದರೆ ಹತ್ತು ನಿಮಿಷದ ಕೆಲಸ, ಹಾಕಿದ ಮೇಲೆ ಕೇಳಿದರೆ ವರ್ಷಗಟ್ಟಲೆ ಓಡಾಟ. ಕೆಳಗಿನ ಉತ್ತರಗಳಲ್ಲಿ ದಿನಗಳ ಲೆಕ್ಕ ಜಾಸ್ತಿ ಕಾಣಿಸುವುದು ಅದಕ್ಕೇ.

## ಮೊದಲ ಪ್ರಶ್ನೆಗಳು

ಸಾರ್, ಇಷ್ಟು ಸಣ್ಣ ವಿಷಯಕ್ಕೆಲ್ಲಾ ವಕೀಲರ ಹತ್ತಿರ ಹೋಗಬೇಕಾ?

ಎಲ್ಲದಕ್ಕೂ ಬೇಡ. ಅಂಗಡಿಯವನು ಹಾಳಾದ ಮಿಕ್ಸರ್ ವಾಪಸ್ ತಗೊಳ್ಳಲಿಲ್ಲ, ಸೊಸೈಟಿ ಬಿಲ್‌ನಲ್ಲಿ ಲೆಕ್ಕ ತಪ್ಪಿದೆ ಅಂದರೆ ನೀವೇ ಒಂದು ಪತ್ರ ಬರೆಯಬಹುದು. ಆದರೆ ಕೆಲವು ಸಂದರ್ಭಗಳಲ್ಲಿ ಕಾಯಬೇಡಿ: ಕೋರ್ಟಿನಿಂದ ಸಮನ್ಸ್ ಬಂದಾಗ, ಚೆಕ್ ಬೌನ್ಸ್ ಆದಾಗ, ಪೊಲೀಸರು ಮನೆಯವರನ್ನು ಕರೆದುಕೊಂಡು ಹೋದಾಗ, ಆಸ್ತಿ ಕಾಗದಕ್ಕೆ ಯಾರಾದರೂ ಸಹಿ ಕೇಳಿದಾಗ. ಇವುಗಳಲ್ಲಿ ದಿನಗಳು ಲೆಕ್ಕಕ್ಕೆ ಬರುತ್ತವೆ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ. ಉಚಿತ ವಕೀಲರು ಅಂತಾರಲ್ಲ, ಅದು ನಿಜನಾ?

ನಿಜ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರು, ಬಂಧನದಲ್ಲಿರುವವರು ಉಚಿತ ವಕೀಲರನ್ನು ಪಡೆಯಬಹುದು. ಇವರ ಆದಾಯ ಎಷ್ಟು ಅಂತ ಯಾರೂ ಕೇಳುವಂತಿಲ್ಲ. ಬೇರೆಯವರಿಗೆ ಮಹಾರಾಷ್ಟ್ರದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿ, ಅಥವಾ ಹತ್ತಿರದ ಕೋರ್ಟಿನಲ್ಲಿ ಕಾನೂನು ಸೇವಾ ಕಚೇರಿ ಎಲ್ಲಿದೆ ಅಂತ ಕೇಳಿ. "ಫ್ರೀ ವಕೀಲರು ಸರಿಯಾಗಿ ನಡೆಸಲ್ಲ" ಅನ್ನೋ ಮಾತಿದೆ. ಕೆಲವರ ವಿಷಯದಲ್ಲಿ ಸರಿ, ಕೆಲವರ ವಿಷಯದಲ್ಲಿ ಶುದ್ಧ ಸುಳ್ಳು. ದುಡ್ಡು ಕೊಟ್ಟ ವಕೀಲರಿಗೂ ಇದೇ ಮಾತು ಹೊಂದುತ್ತದೆ ಅಲ್ವಾ?

ಕಾಗದ ಪೂರ್ತಿ ಮರಾಠಿಯಲ್ಲಿದೆ. ಓದೋಕೆ ಬರಲ್ಲ. ಸಹಿ ಹಾಕಬಹುದಾ?

ಹಾಕಬೇಡಿ. "ಅರ್ಥವಾಗದೆ ಸಹಿ ಹಾಕಿದೆ" ಅಂತ ಆಮೇಲೆ ಹೇಳಿದರೆ ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ತಲೆ ಮೇಲೆ. ಒಂದು ದಿನ ಸಮಯ ಕೇಳಿ, ಫೋಟೋ ತೆಗೆದುಕೊಂಡು ಬನ್ನಿ, ಮರಾಠಿ ಓದುವ ನಂಬಿಕೆಯವರಿಂದ ಸಾಲು ಸಾಲಾಗಿ ಓದಿಸಿ. ಹತ್ತನೇ ತರಗತಿ ಓದುವ ನಿಮ್ಮ ಮಗಳಿಗೇ ಬರುತ್ತದೆ, ಇಲ್ಲಿನ ಮಕ್ಕಳಿಗೆ ಮರಾಠಿ ನಮಗಿಂತ ಚೆನ್ನಾಗಿ ಗೊತ್ತು. ಖಾಲಿ ಜಾಗ ಬಿಟ್ಟ ಕಾಗದ, ಬರೀ ಸ್ಟಾಂಪ್ ಪೇಪರ್, ಖಾಲಿ ಚೆಕ್, ಈ ಮೂರಕ್ಕೂ ಯಾವ ಭಾಷೆಯಲ್ಲಿದ್ದರೂ ಸಹಿ ಬೇಡ. ಕೇಳುವವರು ಸ್ವಂತ ಭಾವನೇ ಆಗಿರಲಿ.

## ಮನೆ ಮತ್ತು ಸೊಸೈಟಿ

ಮಾಲೀಕರು "ಅಗ್ರಿಮೆಂಟ್ ಯಾಕೆ, ನಾವು ಊರಿನವರೇ ಅಲ್ವಾ" ಅಂತಾರೆ. ಬಿಟ್ಟುಬಿಡೋಣ್ವಾ?

ಬಿಡಬೇಡಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮಿನ ಪ್ರಕಾರ ಲೀವ್ ಆ್ಯಂಡ್ ಲೈಸೆನ್ಸ್ ಕರಾರು (ಇಲ್ಲಿ ಮನೆ ಬಾಡಿಗೆಗೆ ಸಾಮಾನ್ಯವಾಗಿ ಮಾಡುವ ಕರಾರು) ಬರಹದಲ್ಲಿರಬೇಕು, ನೋಂದಣಿಯೂ ಆಗಬೇಕು. ನೋಂದಣಿ ಮಾಡಿಸುವ ಜವಾಬ್ದಾರಿ ಮಾಲೀಕರದ್ದು. ಮಾಡಿಸದಿದ್ದರೆ ಅವರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನೋಂದಣಿ ಇಲ್ಲದಿದ್ದಾಗ ಬಾಡಿಗೆ ಎಷ್ಟು, ಷರತ್ತು ಏನು ಅನ್ನುವುದರಲ್ಲಿ ಬಾಡಿಗೆದಾರರ ಮಾತಿಗೇ ಬೆಲೆ. ಅದು ಸುಳ್ಳು ಅಂತ ಮಾಲೀಕರು ಸಾಬೀತು ಮಾಡಬೇಕು. ಇದನ್ನು ಮೆತ್ತಗೆ ಹೇಳಿ ನೋಡಿ, ಊರಿನ ಸಂಬಂಧ ಉಳಿಯುತ್ತದೆ, ಕರಾರೂ ಆಗುತ್ತದೆ.

ಈಗ ಏಜೆಂಟರು ಬೆರಳಚ್ಚಿನ ಯಂತ್ರ ಹಿಡಿದು ಮನೆಗೇ ಬಂದು ಆನ್‌ಲೈನ್ ನೋಂದಣಿ ಮಾಡಿಕೊಡುತ್ತಾರೆ. ಬೆರಳು ಒತ್ತುವ ಮುಂಚೆ ಅವರ ಲ್ಯಾಪ್‌ಟಾಪ್ ಪರದೆಯಲ್ಲಿ ಡಿಪಾಸಿಟ್ ಮೊತ್ತ, ತಿಂಗಳ ಬಾಡಿಗೆ, ಲಾಕ್-ಇನ್ ಅವಧಿ (ಅಷ್ಟರೊಳಗೆ ಮನೆ ಬಿಡುವಂತಿಲ್ಲ), ನೋಟಿಸ್ ಅವಧಿ ನೋಡಿ. ನಗದಾಗಿ ಕೊಟ್ಟ ಡಿಪಾಸಿಟ್ ಕರಾರಿನಲ್ಲಿ ಇಲ್ಲದಿದ್ದರೆ ಅದು ಕೊಟ್ಟ ಹಾಗೇ ಅಲ್ಲ.

ಮನೆ ಬಿಟ್ಟು ಎರಡು ತಿಂಗಳಾಯ್ತು. ಪೇಂಟಿಂಗ್ ಖರ್ಚು ಅಂತ ಡಿಪಾಸಿಟ್ ಹಿಡ್ಕೊಂಡಿದ್ದಾರೆ.

ಕರಾರಿನಲ್ಲಿ ಪೇಂಟಿಂಗ್ ಬಗ್ಗೆ ಏನು ಬರೆದಿದೆ ಅಂತ ಮೊದಲು ನೋಡಿ. ಏನೂ ಇಲ್ಲದಿದ್ದರೆ ಬಿಲ್ ಕೇಳಿ. ಬಳಸಿದ ಮನೆಯ ಗೋಡೆ ಮಾಸುವುದು ಸಹಜ, ಅದು ಹಾನಿಯಲ್ಲ. ಆಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ. ಅದಕ್ಕೂ ಜಗ್ಗದಿದ್ದರೆ ವಕೀಲರ ನೋಟಿಸ್, ನಂತರ ಸಿವಿಲ್ ದಾವೆ. ದಾವೆಗೆ ಮೂರು ವರ್ಷದ ಕಾಲಮಿತಿ ಇದೆ. ಆದರೆ ಹತ್ತು ಸಾವಿರಕ್ಕಾಗಿ ದಾವೆ ಹೂಡುವುದು ನನಗೆ ಅಷ್ಟು ಜಾಣತನ ಅನ್ನಿಸುವುದಿಲ್ಲ. ಲೋಕ ಅದಾಲತ್‌ಗೆ ಹೋಗಿ. ಅಲ್ಲಿ ಕೋರ್ಟ್ ಫೀ ಇಲ್ಲ, ರಾಜಿಯಾದರೆ ಅದಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ. ಇನ್ನು ಮುಂದೆ ಮನೆ ಬಿಡುವಾಗ ಖಾಲಿ ಕೋಣೆಗಳ ವಿಡಿಯೋ, ಮೀಟರ್ ಓದಿನ ಫೋಟೋ, "ಬೀಗದ ಕೈ ಕೊಟ್ಟೆ" ಅನ್ನುವ ಒಂದು ಮೆಸೇಜು, ಮೂರೂ ಇರಲಿ.

ಅವಧಿ ಮುಗೀತು, ಆದ್ರೆ ಬೇರೆ ಮನೆ ಸಿಕ್ಕಿಲ್ಲ. ಸುಮ್ನೆ ಇದ್ದರೆ ಏನಾಗುತ್ತೆ?

ಮಾಲೀಕರು ಸಕ್ಷಮ ಪ್ರಾಧಿಕಾರದ (ಬಾಡಿಗೆ ಕಾಯಿದೆಯಡಿ ಮನೆ ಖಾಲಿ ಮಾಡಿಸುವ ಅಧಿಕಾರಿ) ಮುಂದೆ ಅರ್ಜಿ ಹಾಕಬಹುದು. ಅವಧಿ ಮೀರಿ ಇದ್ದಷ್ಟು ದಿನ ಬಾಡಿಗೆಯ ಎರಡು ಪಟ್ಟು ಪರಿಹಾರ ಕೊಡಬೇಕಾಗುತ್ತದೆ. ಹಾಗಂತ ಬೀಗ ಒಡೆದು ಸಾಮಾನು ಮೆಟ್ಟಿಲ ಮೇಲೆ ಇಡುವ ಹಕ್ಕು ಅವರಿಗಿಲ್ಲ. ಹಾಗೆ ಮಾಡಿದರೆ ಅದು ಪೊಲೀಸ್ ದೂರಿನ ವಿಷಯ.

ಅಪ್ಪ ಫ್ಲ್ಯಾಟಿಗೆ ತಮ್ಮನ ಹೆಸರು ನಾಮಿನಿ ಹಾಕಿದ್ರು. ಈಗ ಫ್ಲ್ಯಾಟ್ ಪೂರ್ತಿ ಅವನದೇ ಅಂತಾನೆ.

ಅಲ್ಲ. ನಾಮಿನಿ ಅಂದರೆ ಸೊಸೈಟಿ ಯಾರ ಜೊತೆ ವ್ಯವಹರಿಸಬೇಕು ಅನ್ನುವುದಕ್ಕಷ್ಟೇ. ಮಹಾರಾಷ್ಟ್ರದ ಸಹಕಾರಿ ಸಂಘಗಳ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೂ ನಾಮಿನಿಯನ್ನು ತಾತ್ಕಾಲಿಕ ಸದಸ್ಯ ಅಂತಲೇ ಕರೆಯುತ್ತದೆ. ಮಾಲೀಕತ್ವ ಉಯಿಲಿನ ಪ್ರಕಾರ, ಉಯಿಲು ಇಲ್ಲದಿದ್ದರೆ ವಾರಸುದಾರರಿಗೆಲ್ಲ. ಅಮ್ಮ ಬದುಕಿದ್ದರೆ ಅವರಿಗೂ ಮಕ್ಕಳಷ್ಟೇ ಪಾಲು. ತಮ್ಮ ಮಾರುವ ಯೋಚನೆಯಲ್ಲಿದ್ದಾನೆ ಅನ್ನಿಸಿದರೆ ಇಂದೇ ಸೊಸೈಟಿ ಕಾರ್ಯದರ್ಶಿಗೆ ನಿಮ್ಮ ಆಕ್ಷೇಪ ಬರೆದುಕೊಡಿ, ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದಕ್ಕೆ ಸೊಸೈಟಿಯವರು ಮೇಂಟೆನೆನ್ಸ್ ಡಬಲ್ ಮಾಡಿದ್ದಾರೆ.

ಮಾಡುವಂತಿಲ್ಲ. ನಾನ್ ಆಕ್ಯುಪೆನ್ಸಿ ಚಾರ್ಜ್, ಅಂದರೆ ಮಾಲೀಕರು ತಾವಿರದೆ ಬಾಡಿಗೆಗೆ ಕೊಟ್ಟಾಗ ಸೊಸೈಟಿ ಹಾಕುವ ಶುಲ್ಕ, ಸರ್ವೀಸ್ ಚಾರ್ಜಿನ ಶೇಕಡಾ 10ನ್ನು ದಾಟಬಾರದು ಅಂತ 2001ರಲ್ಲೇ ಸರ್ಕಾರದ ಆದೇಶ ಬಂದಿದೆ. ಅಪ್ಪ ಅಮ್ಮ, ಮಕ್ಕಳು, ಅಣ್ಣ ತಮ್ಮಂದಿರಂಥ ಹತ್ತಿರದವರು ಇದ್ದರೆ ಅದೂ ಇಲ್ಲ. ಲಿಖಿತ ಆಕ್ಷೇಪಕ್ಕೆ ಉತ್ತರ ಬಾರದಿದ್ದರೆ ನಿಮ್ಮ ವಾರ್ಡಿನ ಉಪ ನಿಬಂಧಕರಿಗೆ ದೂರು ಕೊಡಿ.

## ದುಡ್ಡು ಮತ್ತು ಕೆಲಸ

ಗೆಳೆಯನಿಗೆ ಹೋಟೆಲ್ ಹಾಕೋಕೆ ದುಡ್ಡು ಕೊಟ್ಟಿದ್ದೆ. ಕೊಟ್ಟ ಚೆಕ್ ಬೌನ್ಸ್ ಆಯ್ತು. "ಮುಂದಿನ ತಿಂಗಳು ಕೊಡ್ತೇನೆ ಮಾರಾಯ" ಅಂತಾನೆ.

ಅವನ "ಮುಂದಿನ ತಿಂಗಳು" ನಿಮ್ಮ ಕೇಸನ್ನೇ ತಿಂದುಹಾಕಬಹುದು. ಬ್ಯಾಂಕ್ ಚೆಕ್ಕಿನ ಜೊತೆ ಒಂದು ಸಣ್ಣ ಚೀಟಿ ಕೊಡುತ್ತದೆ, ಅದೇ ರಿಟರ್ನ್ ಮೆಮೋ. ಅದರ ಮೇಲೆ "ಹಣ ಸಾಕಷ್ಟಿಲ್ಲ" ಅನ್ನುವ ಕಾರಣ, ಪಕ್ಕದಲ್ಲಿ ತಾರೀಖು ಇರುತ್ತದೆ. ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ಅವನ ಕೈಗೆ ಸಿಕ್ಕಿದ ಮೇಲೆ ಕೊಡಲು 15 ದಿನ. ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ಇದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನ ದಾರಿ. ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ ಆಗಬಹುದು.

ಮೆಮೋ ಕವರಿನ ಮೇಲೆ ಅದು ನಿಮ್ಮ ಕೈಗೆ ಬಂದ ದಿನವನ್ನು ಪೆನ್ನಿನಲ್ಲಿ ಬರೆದಿಡಿ. ಚೆಕ್ ಮೂರು ತಿಂಗಳು ಮಾತ್ರ ಚಾಲ್ತಿಯಲ್ಲಿರುತ್ತದೆ. ಆ ಮೂರು ತಿಂಗಳು ಉಳಿದಿದ್ದರೆ ಮತ್ತೊಮ್ಮೆ ಹಾಕಿ ನೋಡಬಹುದು, ಆಗ ಲೆಕ್ಕ ಹೊಸ ಮೆಮೋದಿಂದ ಶುರು. ಕೇಸು ನಡೆಯುವುದು ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯಲ್ಲಿ. ಅವನು ಮಂಗಳೂರಿನಲ್ಲಿದ್ದರೂ ನಿಮ್ಮ ಖಾತೆ ಘಾಟ್ಕೋಪರದಲ್ಲಿದ್ದರೆ ಅವನೇ ಇಲ್ಲಿಗೆ ಬರಬೇಕು.

ಚೆಕ್ಕೂ ಇಲ್ಲ, ಕಾಗದವೂ ಇಲ್ಲ, ಬರೀ ಕೈಸಾಲ. ಏನಾದ್ರೂ ಮಾಡಬಹುದಾ?

ವಾಟ್ಸಾಪ್ ತೆಗೆಯಿರಿ. "ಆ ಎರಡು ಲಕ್ಷ ದೀಪಾವಳಿಗೆ ಕೊಡ್ತೇನೆ" ಅಂತ ಅವನು ಬರೆದಿದ್ದರೆ ಅದೂ ಸಾಕ್ಷ್ಯ. ಅಳಿಸಬೇಡಿ, ಫೋನ್ ಬದಲಿಸುವ ಮುಂಚೆ ಬ್ಯಾಕಪ್ ಮಾಡಿ. ಸಾಲ ವಸೂಲಿಗೆ ಮೂರು ವರ್ಷದ ಗಡುವು. ಗಡುವಿನೊಳಗೆ ಅವನು ಬರಹದಲ್ಲಿ ಒಪ್ಪಿಕೊಂಡರೆ ಮತ್ತೆ ಮೂರು ವರ್ಷ. ಇನ್ನು ಮುಂದೆ ಬ್ಯಾಂಕಿನ ಮೂಲಕವೇ ಕೊಡಿ. 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೂ ತಡೆ ಇದೆ. ಬಿಲ್ಡಿಂಗಿನಲ್ಲಿ ನಡೆಯುವ ನೋಂದಣಿಯಿಲ್ಲದ ಚೀಟಿ, ಭಿಶಿ ವಿಷಯ ಕೇಳಿದರೆ ನನ್ನ ಉತ್ತರ ಒಂದೇ: ಸೇರಬೇಡಿ.

ಹೋಟೆಲಲ್ಲಿ ಹತ್ತು ವರ್ಷ ದುಡಿದೆ. ಬಿಡುವಾಗ ಕೈಗೆ ಒಂದು ತಿಂಗಳ ಸಂಬಳ ಕೊಟ್ಟು "ಆಯ್ತು" ಅಂದ್ರು.

ಆಗಲಿಲ್ಲ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಐದು ವರ್ಷ ಸತತ ದುಡಿದವರಿಗೆ ಗ್ರಾಚ್ಯುಟಿ ಕೊಡಲೇಬೇಕು. ಕೊನೆಯ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. ತಿಂಗಳಿಗೆ 15,000 ಇದ್ದು ಹತ್ತು ವರ್ಷವಾಗಿದ್ದರೆ ಸುಮಾರು 86,500 ರೂಪಾಯಿ. 30 ದಿನದೊಳಗೆ ಕೊಡಬೇಕು. ಕೆಲಸದಲ್ಲಿದ್ದಾಗ ತೀರಿಕೊಂಡರೆ ಐದು ವರ್ಷದ ಷರತ್ತು ಇಲ್ಲ, ಮನೆಯವರಿಗೆ ಸಿಗುತ್ತದೆ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಸಿಗಬೇಕು.

ತೊಂದರೆ ಇರುವುದು ಸಾಬೀತಿನಲ್ಲಿ. ಮಾಟುಂಗಾದಿಂದ ಡೊಂಬಿವಲಿವರೆಗೆ ಎಷ್ಟೋ ಹೋಟೆಲುಗಳಲ್ಲಿ ಭಟ್ಟರಿಗೂ ಸಪ್ಲಾಯರ್‌ಗೂ ನೇಮಕಾತಿ ಪತ್ರವೇ ಇರುವುದಿಲ್ಲ, ಸಂಬಳ ಕವರಿನಲ್ಲಿ. ಹಾಗಿದ್ದಾಗ ಪಿಎಫ್ ಖಾತೆ, ಇಎಸ್‌ಐ ಕಾರ್ಡ್, ಹೋಟೆಲಿನ ವಿಳಾಸ ಕೊಟ್ಟು ಮಾಡಿಸಿದ ಬ್ಯಾಂಕ್ ಖಾತೆ, ಯೂನಿಫಾರ್ಮ್‌ನಲ್ಲಿ ತೆಗೆದ ಫೋಟೋ, ಜೊತೆಗೆ ದುಡಿದವರ ಮಾತು ಎಲ್ಲವೂ ಉಪಯೋಗಕ್ಕೆ ಬರುತ್ತವೆ. "ಎಲ್ಲಾ ಲೆಕ್ಕ ಚುಕ್ತಾ" ಅನ್ನುವ ಕಾಗದಕ್ಕೆ ದುಡ್ಡು ಪೂರ್ತಿ ಕೈಸೇರುವ ತನಕ ಸಹಿ ಮಾಡಬೇಡಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ.

ಫೋನಲ್ಲಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಅಂದ್ರು. ಅಮ್ಮ ಹೆದರಿ ದುಡ್ಡು ಕಳಿಸಿಬಿಟ್ರು.

ಇದನ್ನು ಓದುವುದು ನಿಲ್ಲಿಸಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ ಬ್ಯಾಂಕಿಗೆ. ಗಂಟೆಯೊಳಗೆ ತಿಳಿಸಿದರೆ ದುಡ್ಡು ಬೇರೆ ಖಾತೆಗಳಿಗೆ ಹರಿದು ಹೋಗುವ ಮುಂಚೆ ತಡೆಹಿಡಿಯುವ ಸಾಧ್ಯತೆ ಇದೆ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಅಮ್ಮನನ್ನು ಬೈಯಬೇಡಿ, ಬೈದರೆ ಮುಂದಿನ ಸಲ ಹೇಳುವುದೇ ಇಲ್ಲ.

ಆನ್‌ಲೈನಲ್ಲಿ ತರಿಸಿದ ಸಾಮಾನು ಹಾಳು. ಕಂಪನಿ ಬೆಂಗಳೂರಲ್ಲಿದೆ.

ನೀವು ಬೆಂಗಳೂರಿಗೆ ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ ನೋಡಿ, ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ.

## ಪೊಲೀಸ್ ಠಾಣೆ

ಠಾಣೆಗೆ ಹೋದ್ರೆ "ಎನ್‌ಸಿ ಬರೆದುಕೊಂಡಿದ್ದೇವೆ, ಹೋಗಿ" ಅಂದ್ರು. ಅದು ಎಫ್‌ಐಆರ್ ಅಲ್ವಾ?

ಅಲ್ಲ. ಎನ್‌ಸಿ ಅಂದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಸಣ್ಣ ಅಪರಾಧದ ದಾಖಲೆ. ಬೈಗುಳ, ಸಣ್ಣ ಹೊಡೆದಾಟಕ್ಕೆ ಸಾಮಾನ್ಯವಾಗಿ ಅದೇ. ಕಳ್ಳತನ, ವಂಚನೆ, ಗಂಭೀರ ಗಾಯ ಆಗಿದ್ದರೆ ಎಫ್‌ಐಆರ್ ಆಗಬೇಕು. ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. "ಇದು ನಮ್ಮ ಹದ್ದಲ್ಲ, ಕುರ್ಲಾಕ್ಕೆ ಹೋಗಿ" ಅಂತ ಅಟ್ಟುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ತಗೊಳ್ಳಬೇಕು. ತಗೊಳ್ಳದಿದ್ದರೆ ದೂರನ್ನು ಬರಹದಲ್ಲಿ ಮೇಲಧಿಕಾರಿಗೆ ಕಳಿಸಿ, ಮುಂಬೈಯಲ್ಲಾದರೆ ಡಿಸಿಪಿಗೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ಆ ಮೂರನೇ ಹೆಜ್ಜೆಗೆ ವಕೀಲರು ಬೇಕು.

ಹೇಳಿಕೆ ಕೊಡೋಕೆ ಹೆಂಡತಿ ಠಾಣೆಗೆ ಬರಬೇಕು ಅಂತ ರಾತ್ರಿ ಫೋನ್ ಬಂತು.

ಸಾಕ್ಷಿಯಾಗಿ ಕರೆಯುವುದಾದರೆ ಹೆಂಗಸರನ್ನು, 15ಕ್ಕಿಂತ ಚಿಕ್ಕವರನ್ನು, 60 ದಾಟಿದವರನ್ನು ಠಾಣೆಗೆ ಕರೆಸುವಂತಿಲ್ಲ. ಅವರ ಮನೆಗೇ ಬಂದು ಕೇಳಬೇಕು. ಹೆಂಗಸರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯದ ಮುಂಚೆ ಬಂಧಿಸುವುದೂ ವಿಶೇಷ ಸಂದರ್ಭ ಬಿಟ್ಟರೆ ಆಗದು. ಮರ್ಯಾದೆಯಿಂದ "ಸಾಹೇಬ್ರೇ, ಲಿಖಿತ ನೋಟಿಸ್ ಕೊಡಿ" ಅನ್ನಿ.

ಮಗನನ್ನು ಹಿಡ್ಕೊಂಡು ಹೋಗಿದ್ದಾರೆ. ಅವನಿಗೆ ಮರಾಠಿ ಬರಲ್ಲ, ಊರಿಂದ ಬಂದು ಆರು ತಿಂಗಳಷ್ಟೇ.

ಬಂಧನದ ಕಾರಣ ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಆ ಪ್ರಕರಣ ಮುಂಬೈಯದೇ. 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಆ ಮೊದಲ ಹಾಜರಿಗೆ ವಕೀಲರು ಇರುವುದು ಮುಖ್ಯ. ಯಾರೂ ಸಿಗದಿದ್ದರೆ ಕೋರ್ಟಿನಲ್ಲೇ ಉಚಿತ ವಕೀಲರನ್ನು ಕೇಳಿ. "ಇಷ್ಟು ಕೊಟ್ಟರೆ ಬಿಡಿಸ್ತೇನೆ" ಅಂತ ಗೇಟಿನ ಹೊರಗೆ ನಿಲ್ಲುವವರು ಯಾರೂ ಬಿಡಿಸುವುದಿಲ್ಲ.

## ಊರಿನ ಆಸ್ತಿ

ನಾವು ಇಲ್ಲಿ, ಜಾಗ ಊರಲ್ಲಿ. ದೊಡ್ಡಪ್ಪನ ಮಗ ತನ್ನ ಹೆಸರಿಗೆ ಮಾಡಿಕೊಂಡಿದ್ದಾನೆ ಅಂತ ಸುದ್ದಿ.

ಸುದ್ದಿ ಬಿಡಿ, ಪಹಣಿ ತೆಗೆಯಿರಿ. ಕರ್ನಾಟಕದ ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿದರೆ ಡೊಂಬಿವಲಿಯಲ್ಲೇ ಕೂತು ನೋಡಬಹುದು. 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, 10ರಲ್ಲಿ ಹಕ್ಕು ಬಂದ ಬಗೆ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರ್, 11ರಲ್ಲಿ ಸಾಲ, ಇತರ ಹಕ್ಕುಗಳು. 9ರಲ್ಲಿ ಅವನ ಹೆಸರೊಂದೇ ಇದ್ದರೆ 10ರಲ್ಲಿ ಕಾಣುವ ಮ್ಯುಟೇಶನ್‌ನ ಪ್ರತಿ ತೆಗೆಸಿ. ಅಲ್ಲಿ ಗೊತ್ತಾಗುತ್ತದೆ: ಪೌತಿ ಖಾತೆಯಾ (ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ಬದಲಾದದ್ದು), ಪಾಲುಪತ್ರವಾ, ದಾನಪತ್ರವಾ, ಇಲ್ಲಾ ನಿಮ್ಮಪ್ಪ ಯಾವಾಗಲೋ ಸಹಿ ಹಾಕಿದ ಹಕ್ಕು ಬಿಡುಗಡೆಯಾ. ನಾಲ್ಕಕ್ಕೂ ಉತ್ತರ ಬೇರೆ ಬೇರೆ.

ಪಹಣಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಪಾಲು ಹೋಗುವುದಿಲ್ಲ. ಪಹಣಿ ಕಂದಾಯದ ದಾಖಲೆ, ಹಕ್ಕು ತೀರ್ಮಾನಿಸುವುದು ಸಿವಿಲ್ ಕೋರ್ಟ್. ಮ್ಯುಟೇಶನ್ ತಪ್ಪಾಗಿದ್ದರೆ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 136ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಅಪೀಲು. ಪಾಲೇ ಬೇಕಿದ್ದರೆ ವಿಭಾಗದ ದಾವೆ. ಈ ಎರಡನ್ನು ಬೆರೆಸಿಕೊಂಡು ವರ್ಷಗಟ್ಟಲೆ ತಾಲೂಕು ಕಚೇರಿಗೆ ಅಲೆಯುವವರು ಬಹಳ.

ಅಣ್ಣ "ಒಂದು ಸಹಿ ಅಷ್ಟೇ ತಂಗಿ" ಅಂತ ರಿಲೀಸ್ ಡೀಡ್ ಕಳಿಸಿದ್ದಾನೆ. ಮದುವೆಯಾದ ಮೇಲೆ ನಂಗೆ ಪಾಲು ಇದೆಯಾ?

ಇದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪಾಲುಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ವಿಭಾಗ ಆಗಿದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ. ಅಪ್ಪ ಸ್ವಂತ ದುಡಿದು ಕೊಂಡದ್ದಾದರೆ ಅವರು ಉಯಿಲಿನಲ್ಲಿ ಯಾರಿಗೆ ಬೇಕಾದರೂ ಬರೆಯಬಹುದು. ತುಳುನಾಡಿನ ಅಳಿಯಕಟ್ಟಿನ (ಹೆಣ್ಣಿನ ಕಡೆಯ ಸಂತತಿಗೆ ಆಸ್ತಿ ಹೋಗುವ ಪದ್ಧತಿ) ಹಳೇ ಮನೆಗಳ ಲೆಕ್ಕ ಬೇರೆ, ಅದಕ್ಕೆ ಕುಟುಂಬದ ಪಾಲುಪತ್ರ ಹಿಡಿದುಕೊಂಡು ಆ ಕಡೆಯ ವಕೀಲರನ್ನೇ ನೋಡಿ.

ಸಹಿ ಹಾಕುವುದು ಬಿಡುವುದು ನಿಮ್ಮಿಷ್ಟ. ಅಣ್ಣನೇ ಅಮ್ಮನನ್ನು ನೋಡಿಕೊಂಡ, ಅವನಿಗೇ ಇರಲಿ ಅನ್ನುವ ತಂಗಿಯರೂ ಇದ್ದಾರೆ, ಅದು ತಪ್ಪೇನಲ್ಲ. ಆದರೆ ಎಷ್ಟು ಎಕರೆ, ಇವತ್ತಿನ ಬೆಲೆ ಎಷ್ಟು ಅಂತ ತಿಳಿದುಕೊಂಡು ಬಿಟ್ಟುಕೊಡಿ. ನೋಂದಣಿಯಾದ ಹಕ್ಕು ಬಿಡುಗಡೆಯನ್ನು ವಾಪಸ್ ಪಡೆಯುವುದು ಬಹಳ ಕಷ್ಟ.

ಊರಿಗೆ ಪದೇ ಪದೇ ಹೋಗೋಕಾಗಲ್ಲ. ಯಾರಿಗಾದ್ರೂ ಪವರ್ ಆಫ್ ಅಟಾರ್ನಿ ಕೊಡಬಹುದಾ?

ಕೊಡಬಹುದು. ಅದಕ್ಕಾಗಿ ಊರಿಗೆ ಹೋಗಬೇಕಿಲ್ಲ, ನೀವು ವಾಸವಿರುವ ಕಡೆಯ ಉಪ ನೋಂದಣಿ ಕಚೇರಿಯಲ್ಲಿ ದೃಢೀಕರಿಸಬಹುದು. "ಕೋರ್ಟ್ ಮತ್ತು ಕಚೇರಿ ಕೆಲಸಕ್ಕೆ ಮಾತ್ರ" ಅಂತ ಬರೆಸಿ. ಮಾರುವ, ಅಡವಿಡುವ ಅಧಿಕಾರ ಸೇರಿಸಿದ ಸಿದ್ಧ ನಮೂನೆಗಳು ಟೈಪಿಂಗ್ ಅಂಗಡಿಗಳಲ್ಲಿ ಸಿಗುತ್ತವೆ, ಅವನ್ನು ಮುಟ್ಟಬೇಡಿ. ಹಾಗೇ, ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಯಾರಾದರೂ ಸೈಟ್ ಮಾರುತ್ತೇನೆಂದರೆ ಕೊಳ್ಳಬೇಡಿ. ಅದರಿಂದ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

## ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ

ಸಮನ್ಸ್ ತಗೊಳ್ಳದೆ ವಾಪಸ್ ಕಳಿಸಿದ್ರೆ ಕೇಸು ಹೋಗುತ್ತಾ?

ಹೋಗಲ್ಲ, ನೀವಿಲ್ಲದೆಯೇ ನಡೆಯುತ್ತದೆ. ನಿರಾಕರಿಸಿದರೂ ತಲುಪಿದ ಲೆಕ್ಕವೇ. ಸಿವಿಲ್ ದಾವೆಯಲ್ಲಿ ಉತ್ತರ ಕೊಡಲು 30 ದಿನ, ಕೋರ್ಟ್ ಒಪ್ಪಿದರೆ 90ರವರೆಗೆ. ಏಕಪಕ್ಷೀಯ ಡಿಕ್ರಿ ಆಗಿಹೋಗಿದ್ದರೆ ಅದನ್ನು ರದ್ದು ಮಾಡಿಸಲು 30 ದಿನದೊಳಗೆ ಅರ್ಜಿ ಹಾಕಬೇಕು.

ಮಗಳು ಭಾಂಡುಪ್‌ನಲ್ಲಿ ನಮ್ಮ ಜೊತೆ ಇದ್ದಾಳೆ. ಅಳಿಯ ಉಡುಪಿಯಲ್ಲಿ ಡೈವೋರ್ಸ್ ಹಾಕಿದ್ದಾನೆ.

ಮಗಳು ತಾನಿರುವ ಊರಿನಲ್ಲೇ ಜೀವನಾಂಶಕ್ಕೆ, ಕೌಟುಂಬಿಕ ಹಿಂಸೆ ಕಾಯಿದೆಯಡಿ ರಕ್ಷಣೆಗೆ ಅರ್ಜಿ ಹಾಕಬಹುದು. ಉಡುಪಿಯ ಕೇಸನ್ನು ಮುಂಬೈಗೆ ತರಿಸಬೇಕಾದರೆ ಎರಡು ರಾಜ್ಯಗಳ ವಿಷಯ, ಸುಪ್ರೀಂ ಕೋರ್ಟಿಗೇ ವರ್ಗಾವಣೆ ಅರ್ಜಿ ಹೋಗಬೇಕು. ಅದು ತೀರ್ಮಾನವಾಗುವ ತನಕ ಉಡುಪಿಯ ತಾರೀಖು ತಪ್ಪಿಸಬೇಡಿ, ವಕೀಲರಾದರೂ ಹಾಜರಿರಲಿ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಕಾನೂನಿನ ಲೆಕ್ಕಾಚಾರಕ್ಕೆ ಕಾಯದೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ವಕೀಲರು ಫೋನೇ ಎತ್ತಲ್ಲ. ಬದಲಿಸಬೇಕು ಅಂದ್ರೆ ಫೀಸು ಬಾಕಿ ಅಂತ ಫೈಲ್ ಕೊಡ್ತಿಲ್ಲ.

ಫೀಸು ಬಾಕಿಗಾಗಿ ಕಕ್ಷಿದಾರರ ಕಾಗದ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದೆ. ಬರಹದಲ್ಲಿ ಕೇಳಿ, ಕೊಡದಿದ್ದರೆ ರಾಜ್ಯ ಬಾರ್ ಕೌನ್ಸಿಲ್‌ಗೆ ದೂರು. ಕೇಸು ಎಲ್ಲಿಗೆ ಬಂತು ಅನ್ನುವುದಕ್ಕೆ ವಕೀಲರ ಫೋನ್ ಕಾಯಬೇಕಿಲ್ಲ. ಪ್ರತಿ ಕೇಸಿಗೂ ಇರುವ 16 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ಸಿಎನ್‌ಆರ್ ನಂಬರ್ ಇದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಖು, ಹಿಂದಿನ ಆದೇಶ ಎಲ್ಲಾ ಕಾಣುತ್ತದೆ. ವಕಾಲತ್ತಿಗೆ ಸಹಿ ಹಾಕುವ ದಿನವೇ ಫೀಸು ಎಷ್ಟು, ಏನೇನು ಸೇರಿದೆ ಅಂತ ಕೇಳಿಬಿಡಿ. ಸಂಕೋಚ ಪಡುವ ವಿಷಯ ಅದಲ್ಲ.

ಊರಿನ ಜಾಗದ ಕೇಸು ಮುಂಬೈಯಲ್ಲೇ ಹಾಕಬಹುದಾ?

ಆಸ್ತಿ ಅಂತ ಇರುವುದು ಕುಂದಾಪುರದ ಜಾಗ ಮಾತ್ರ ಆದರೆ ಅಲ್ಲೇ ಹಾಕಬೇಕು. ಮುಂಬೈಯ ವಕೀಲರು ಅಲ್ಲಿ ವಾದಿಸಬಹುದು, ಆದರೆ ಪ್ರತಿ ತಾರೀಖಿಗೂ ಅವರ ರೈಲು, ರೂಮಿನ ಖರ್ಚು ನಿಮ್ಮದು. ಸ್ಥಳೀಯ ವಕೀಲರೇ ಮೇಲು. ಆದರೆ ಒಂದೇ ಕುಟುಂಬದ ಆಸ್ತಿಯಲ್ಲಿ ಕುಂದಾಪುರದ ಜಾಗದ ಜೊತೆ ಡೊಂಬಿವಲಿಯ ಫ್ಲ್ಯಾಟೂ ಸೇರಿದ್ದರೆ ದಾರಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಕಲಮಿನ ಪ್ರಕಾರ, ಆಸ್ತಿಯ ಒಂದು ಭಾಗ ಎಲ್ಲಿದೆಯೋ ಆ ಕೋರ್ಟಿನಲ್ಲಿ ಎರಡಕ್ಕೂ ಸೇರಿಸಿ ಒಂದೇ ವಿಭಾಗದ ದಾವೆ ಹಾಕಬಹುದು. ಫ್ಲ್ಯಾಟ್ ನಿಜಕ್ಕೂ ಕುಟುಂಬದ ಆಸ್ತಿ ಆಗಿರಬೇಕು, ನಿಮ್ಮ ಸ್ವಂತ ದುಡಿಮೆಯದ್ದಲ್ಲ. ಇಲ್ಲಿ ಕೇಸು ನಡೆಸುವ ಆಸೆಗೆ ಸ್ವಂತ ಫ್ಲ್ಯಾಟನ್ನು ಪಾಲಿನ ಪಟ್ಟಿಗೆ ಸೇರಿಸಿದರೆ ದಾಯಾದಿಗಳು ಅದರಲ್ಲೂ ಪಾಲು ಕೇಳುತ್ತಾರೆ. ದಾವೆಯ ಕರಡು ಸಿದ್ಧವಾದಾಗ ಆಸ್ತಿ ಪಟ್ಟಿಯ ಪುಟವನ್ನು ನೀವೇ ಒಂದೊಂದು ಸಾಲು ಓದಿ.